ಬಿಸ್ಕತ್ತಿಗಿರುವ ಲೆಕ್ಕ ಬಿಪಿ ಮಾತ್ರೆಗೇಕಿಲ್ಲ?

ಸಂಪಾದಕರಿಗೆ,

ಮಾನ್ಯರೇ,

ಯಾವ ಊರಿನ ಯಾವ ರಸ್ತೆಗೆ ಹೋದರೂ ಈಗ ಮೆಡಿಕಲ್ ಶಾಪಿನ ಹೆಸರಿನ ಬೋರ್ಡಿಗಿಂತ ಅದರ ಕೆಳಗಿನ ಡಿಸ್ಕೌಂಟ್ ಬೋರ್ಡೇ ದೊಡ್ಡದು. ಒಬ್ಬರದು ಶೇ 15, ಎದುರಿನವರದು ಶೇ 20, ಮೂಲೆ ಅಂಗಡಿಯದು ‘ಶೇ 80ರವರೆಗೆ’. ಮೊಬೈಲಿನ ಆ್ಯಪ್‌ಗಳ ಕೂಗೂ ಅದೇ. ತಿಂಗಳ ಬಿಪಿ, ಶುಗರ್ ಮಾತ್ರೆಗೆ ಸಾವಿರ, ಎರಡು ಸಾವಿರ ತೆರುವ ಮನೆಗಳಲ್ಲಿ ಯಾರು ಇನ್ನೈದು ಪರ್ಸೆಂಟ್ ಹೆಚ್ಚು ಬಿಡುತ್ತಾರೆ ಎಂಬುದೇ ಮಾತು. ಔಷಧದ ಕೌಂಟರಿನ ಒಳಗಿನಿಂದ ನೋಡುವವರಿಗೆ ಈ ಪ್ರಶ್ನೆಯೇ ತಪ್ಪು ಅನಿಸುತ್ತದೆ. ಡಿಸ್ಕೌಂಟ್ ಎಷ್ಟು ಎಂದಲ್ಲ, ಒಂದು ಮಾತ್ರೆಗೆ ಎಷ್ಟು ಬಿತ್ತು ಎಂದು ಕೇಳಬೇಕು. ಬಿಸ್ಕತ್ ಪೊಟ್ಟಣದ ಮೇಲೆ ಗ್ರಾಮಿಗೆ ಇಷ್ಟು ಎಂದು ಇರುವ ಹಾಗೆ, ಆ ಲೆಕ್ಕವನ್ನು ಮಾತ್ರೆಯ ಶೀಟಿನ ಮೇಲೂ ಅಚ್ಚು ಹಾಕಿಸಬೇಕಾದ್ದು ಸರ್ಕಾರ. ಅದು ಆಗುವ ತನಕ ಮನೆಯಲ್ಲೇ ಲೆಕ್ಕ ಹಾಕಿಕೊಳ್ಳುವುದು ಹೇಗೆ, ಎಲ್ಲಿ ಎಡವುತ್ತೇವೆ ಎಂದು ತಿಳಿಸಲು ಈ ಪತ್ರ. ಉದ್ದವಾಯಿತೆಂದು ಕತ್ತರಿ ಆಡಿಸುವುದಾದರೆ ಇನ್ಸುಲಿನ್ ಬಗ್ಗೆ ಬರೆದಿರುವುದನ್ನು ಮಾತ್ರ ಉಳಿಸಿಕೊಳ್ಳಿ.

ಮೊದಲು ಎಂಆರ್‌ಪಿ ಹುಟ್ಟುವ ಬಗೆ. 2013ರ ಔಷಧ ಬೆಲೆ ನಿಯಂತ್ರಣ ಆದೇಶದ ಪ್ರಕಾರ ನಮ್ಮಲ್ಲಿ ಔಷಧಗಳು ಎರಡು ಗುಂಪು. ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲಿ ಇರುವಂಥವು ಒಂದು. 2022ರ ಪಟ್ಟಿಯಲ್ಲಿ 384 ಔಷಧಗಳಿವೆ. ಇವುಗಳಿಗೆ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಗರಿಷ್ಠ ಮಿತಿ ಹಾಕುತ್ತದೆ. ಮಾರುಕಟ್ಟೆಯಲ್ಲಿ ಶೇ 1 ಅಥವಾ ಹೆಚ್ಚು ಪಾಲಿರುವ ಎಲ್ಲ ಬ್ರಾಂಡುಗಳು ಅಂಗಡಿಗೆ ಸಿಗುವ ಬೆಲೆಯ ಸರಾಸರಿ ತೆಗೆದು, ಅದರ ಮೇಲೆ ಅಂಗಡಿಯವರ ಪಾಲು ಶೇ 16 ಸೇರಿಸಿದರೆ ಬರುವುದೇ ಆ ಮಿತಿ. ಜಿಎಸ್‌ಟಿ ಬೇರೆ. ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕ ನೋಡಿಕೊಂಡು ಇದನ್ನು ಏರಿಸುತ್ತಾರೆ. 2023ರಲ್ಲಿ ಏರಿದ್ದು ಶೇ 12ಕ್ಕೂ ಮೇಲೆ, 2024ರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಪಟ್ಟಿಯ ಹೊರಗಿನದು ಎರಡನೇ ಗುಂಪು. ಅಲ್ಲಿ ಬೆಲೆ ಬಹುಮಟ್ಟಿಗೆ ಕಂಪನಿಯ ಇಷ್ಟ. ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸಬಾರದು ಅಷ್ಟೆ.

ಇಲ್ಲೊಂದು ಸಂದು ಇದೆ. ಮಿತಿ ಬೆಲೆ ಅನ್ವಯಿಸುವುದು ಪಟ್ಟಿಯಲ್ಲಿ ಹೆಸರಿಸಿದ ಪ್ರಮಾಣಕ್ಕೆ, ಹೆಸರಿಸಿದ ರೂಪಕ್ಕೆ. ಅದೇ ಔಷಧದ ಜೊತೆ ಇನ್ನೊಂದನ್ನು ಬೆರೆಸಿ ‘ಎರಡು ಒಂದರಲ್ಲಿ’, ‘ಮೂರು ಒಂದರಲ್ಲಿ’ ಮಾಡಿದರೆ ಅದು ಹಲವು ಸಲ ಪಟ್ಟಿಯ ಹೊರಗೆ ಜಾರಿಕೊಳ್ಳುತ್ತದೆ. ಜೋಡಿ ಮಾತ್ರೆಗಳಲ್ಲಿ ಒಳ್ಳೆಯವೂ ಇವೆ, ನುಂಗುವ ಸಂಖ್ಯೆ ಕಡಿಮೆಯಾಗುತ್ತದೆ. ಆದರೆ ಬಿಡಿಬಿಡಿಯಾಗಿ ತೆಗೆದುಕೊಂಡರೆ ಎಷ್ಟಾಗುತ್ತಿತ್ತು ಎಂದು ಒಮ್ಮೆಯಾದರೂ ಕೂಡಿ ನೋಡಬೇಕು.

ಇನ್ನು ‘ಶೇ 80ರವರೆಗೆ’ ಬೋರ್ಡಿನ ಗುಟ್ಟು. ವ್ಯಾಪಾರದವರು ‘ಟ್ರೇಡ್ ಜನರಿಕ್’ ಅನ್ನುವ ಮಾಲು ಇದೆ. ಡಾಕ್ಟರ ಬಳಿ ಪ್ರಚಾರಕ್ಕೆ ಹೋಗದ, ನೇರ ಡಿಸ್ಟ್ರಿಬ್ಯೂಟರಿನಿಂದ ಅಂಗಡಿಗೆ ಬರುವ ಮಾಲು. ಅದರ ಮೇಲೆ ಎಂಆರ್‌ಪಿ 100 ರೂಪಾಯಿ ಅಚ್ಚಾಗಿದ್ದು ಅಂಗಡಿಗೆ 12 ರೂಪಾಯಿಗೆ ಬಿದ್ದಿದೆ ಎಂದಿಟ್ಟುಕೊಳ್ಳಿ. ಶೇ 80 ಬಿಟ್ಟು 20ಕ್ಕೆ ಕೊಟ್ಟರೂ ಎಂಟು ರೂಪಾಯಿ ಲಾಭ. ಶೇ 30 ಬಿಟ್ಟು 70ಕ್ಕೆ ಕೊಟ್ಟರೆ ಗಿರಾಕಿ ಖುಷಿಯಿಂದಲೇ ಹೋಗುತ್ತಾರೆ, ಅಂಗಡಿಗೆ 58. ಪಕ್ಕದಲ್ಲೇ ಹೆಸರುವಾಸಿ ಬ್ರಾಂಡು ಡಿಸ್ಕೌಂಟೇ ಇಲ್ಲದೆ 64ಕ್ಕೆ ಸಿಗುತ್ತಿರಬಹುದು. ಮಾಲು ಕೆಟ್ಟದ್ದೆಂದು ಹೇಳುತ್ತಿಲ್ಲ. ಅಚ್ಚಾದ ಬೆಲೆಗೂ ನಿಜವಾದ ಬೆಲೆಗೂ ನಂಟಿಲ್ಲದಿರುವಾಗ ಅದರ ಮೇಲಿನ ಪರ್ಸೆಂಟೇಜಿಗೂ ಅರ್ಥವಿಲ್ಲ.

ಶೀಟನ್ನು ಕೈಯಲ್ಲಿ ಹಿಡಿದು ನೋಡಿ. ದಪ್ಪ ಅಕ್ಷರದ ಬ್ರಾಂಡ್ ಹೆಸರನ್ನು ಒಂದು ನಿಮಿಷ ಮರೆತು ಔಷಧದ ಹೆಸರಿನ ಸಾಲು ಹುಡುಕಿ: ಟೆಲ್ಮಿಸಾರ್ಟನ್, ಮೆಟ್‌ಫಾರ್ಮಿನ್, ಅಟೋರ್ವಾಸ್ಟಾಟಿನ್, ಹೀಗೆ. ಅದರ ಮುಂದೆ ಮಿಲಿಗ್ರಾಂ. ಆಮೇಲೆ ಬ್ರಾಂಡ್ ಹೆಸರಿಗೆ ಅಂಟಿಕೊಂಡ ಬಾಲಂಗೋಚಿ: ಎಸ್‌ಆರ್, ಎಕ್ಸ್‌ಆರ್, ಇಆರ್, ಎಂಆರ್. ಔಷಧವನ್ನು ಒಮ್ಮೆಗೇ ಬಿಡದೆ ಸಾಮಾನ್ಯವಾಗಿ ನಿಧಾನಕ್ಕೆ ಬಿಡುವ ಮಾತ್ರೆಯ ಗುರುತು ಇವು. ಕೊನೆಗೆ ಎಂಆರ್‌ಪಿ ಎಷ್ಟು ಮಾತ್ರೆಗೆ ಎಂಬುದು. 10ರ ಶೀಟು, 14ರ ಶೀಟು, 15ರ ಶೀಟು ಎಲ್ಲ ಇವೆ. 10ರ ಶೀಟಿಗೆ 82 ರೂಪಾಯಿ, ಶೇ 20 ಡಿಸ್ಕೌಂಟ್ ಅಂದರೆ ಕೈಗೆ 65 ರೂಪಾಯಿ 60 ಪೈಸೆ, ಮಾತ್ರೆಗೆ 6.56. ಪಕ್ಕದ ಕಂಪನಿಯದು 15ರ ಶೀಟಿಗೆ 93, ಡಿಸ್ಕೌಂಟ್ ಸೊನ್ನೆ, ಮಾತ್ರೆಗೆ 6.20. ಡಿಸ್ಕೌಂಟ್ ಇಲ್ಲದ್ದೇ ಅಗ್ಗ. ಮೊಬೈಲಿನ ಕ್ಯಾಲ್ಕುಲೇಟರಿಗೆ ಇದು ಹತ್ತು ಸೆಕೆಂಡಿನ ಕೆಲಸ, ಆದರೆ ಕೌಂಟರಿನ ಮುಂದೆ ಹಿಂದಿನವರ ಮೊಣಕೈ ತಾಗುತ್ತಿರುವಾಗ ಯಾರೂ ಮಾಡುವುದಿಲ್ಲ. ಮನೆಯಲ್ಲೇ ಹಳೆಯ ಶೀಟುಗಳನ್ನು ಹರಡಿಕೊಂಡು, ಒಂದು ಹಾಳೆಯಲ್ಲಿ ಔಷಧದ ಹೆಸರು, ಮಿಲಿಗ್ರಾಂ, ಬಾಲಂಗೋಚಿ, ಮಾತ್ರೆಯೊಂದಕ್ಕೆ ಬಿದ್ದ ಬೆಲೆ ಬರೆದು ಅದರ ಫೋಟೊ ಫೋನಿನಲ್ಲಿ ಇಟ್ಟುಕೊಂಡರೆ ಆ ಅವಸರವಿಲ್ಲ.

ಫೋನು ನಿಜವಾಗಿ ಕೆಲಸಕ್ಕೆ ಬರುವುದೂ ಈ ಹಾಳೆ ಇದ್ದಾಗಲೇ. ಬೆಲೆ ಪ್ರಾಧಿಕಾರದ್ದೇ ಒಂದು ಆ್ಯಪ್ ಇದೆ, ‘ಫಾರ್ಮಾ ಸಹಿ ದಾಮ್’. ಬ್ರಾಂಡ್ ಹೆಸರು ಹಾಕಿದರೆ ಅದರ ಬೆಲೆಯನ್ನೂ ಅದೇ ಔಷಧದ ಬೇರೆ ಬ್ರಾಂಡುಗಳ ಬೆಲೆಯನ್ನೂ ತೋರಿಸುತ್ತದೆ. ‘ಜನೌಷಧಿ ಸುಗಮ್’ ಇನ್ನೊಂದು, ಕೇಂದ್ರ ಸರ್ಕಾರದ ಯೋಜನೆಯ ಅಗ್ಗದ ಔಷಧದಂಗಡಿಗಳಾದ ಜನೌಷಧಿ ಕೇಂದ್ರಗಳದ್ದು. ಅದರಲ್ಲಿ ಬ್ರಾಂಡ್ ಹೆಸರು ಕುಟ್ಟಿ, ಏನೂ ಸಿಗಲಿಲ್ಲವೆಂದು ಕೈಬಿಟ್ಟವರೇ ಹೆಚ್ಚು. ಅಲ್ಲಿ ಹುಡುಕಬೇಕಾದ್ದು ಔಷಧದ ಹೆಸರನ್ನು. ಹತ್ತಿರದ ಜನೌಷಧಿ ಕೇಂದ್ರ ಎಲ್ಲಿದೆ ಎಂಬುದನ್ನೂ ಅದೇ ಹೇಳುತ್ತದೆ. ಹೋಗುವ ಮೊದಲು ಫೋನ್ ಮಾಡಿ ಸ್ಟಾಕ್ ಕೇಳುವುದು ಮೇಲು. ‘ಬಂದಿಲ್ಲ, ಸೋಮವಾರ ನೋಡಿ’ ಅನ್ನುವುದು ಅಲ್ಲಿನ ದೊಡ್ಡ ತೊಂದರೆ. ಆದ್ದರಿಂದ ಮಾತ್ರೆ ಪೂರ್ತಿ ಮುಗಿದ ಮೇಲಲ್ಲ, ಇನ್ನೂ ಹತ್ತು ದಿನಕ್ಕೆ ಇರುವಾಗಲೇ ಹೋಗಬೇಕು.

ಆ್ಯಪ್ ‘ಇದೇ ಔಷಧ, ಅಗ್ಗದ ಬದಲಿ’ ಎಂದು ತೋರಿಸಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪುವ ಹಾಗಿಲ್ಲ. ಮೆಟೊಪ್ರೊಲಾಲ್ ಎಂಬ ಹೃದಯದ ಮಾತ್ರೆಯನ್ನೇ ನೋಡಿ. ಅದು ಟಾರ್ಟ್ರೇಟ್, ಸಕ್ಸಿನೇಟ್ ಎಂಬ ಎರಡು ಲವಣಗಳಲ್ಲಿ, ಅಂದರೆ ಎರಡು ರಾಸಾಯನಿಕ ರೂಪಗಳಲ್ಲಿ ಬರುತ್ತದೆ. ಟಾರ್ಟ್ರೇಟ್ ಬೇಗ ಕರಗುವಂಥದ್ದು, ಸಾಮಾನ್ಯವಾಗಿ ದಿನಕ್ಕೆ ಎರಡು ಹೊತ್ತು. ಸಕ್ಸಿನೇಟ್ ನಿಧಾನಕ್ಕೆ ಬಿಡುವ ಮಾತ್ರೆ, ದಿನಕ್ಕೆ ಒಂದು. ಎರಡರ ಮೇಲೂ 50 ಎಂದೇ ಇರಬಹುದು. ನಿಧಾನದ್ದರ ಬದಲು ಬೇಗದ್ದನ್ನು ತಂದು ದಿನಕ್ಕೊಂದೇ ನುಂಗಿದರೆ ಬೆಳಗ್ಗೆ ನಾಡಿ ತೀರಾ ಇಳಿದು ರಾತ್ರಿ ಔಷಧವೇ ಇಲ್ಲದಂತೆ ಆಗಬಹುದು. ಅಮ್ಲೋಡಿಪಿನ್‌ನಲ್ಲಿ ಇನ್ನೊಂದು ಬಗೆ: ‘ಎಸ್-ಅಮ್ಲೋಡಿಪಿನ್’ 2.5 ಅಂದರೆ ಸಾದಾ ಅಮ್ಲೋಡಿಪಿನ್ 5ಕ್ಕೆ ಸಮ. ಅಲರ್ಜಿಯ ಲೆವೊಸೆಟಿರಿಜಿನ್ 5 ಮತ್ತು ಸೆಟಿರಿಜಿನ್ 10ರ ನಂಟೂ ಹಾಗೆಯೇ. ಔಷಧದ ಹೆಸರು, ಲವಣ, ಮಿಲಿಗ್ರಾಂ, ಬಾಲಂಗೋಚಿ ನಾಲ್ಕೂ ತಾಳೆಯಾದರೆ ಮಾತ್ರ ಅದು ಬದಲಿ. ಎಸ್‌ಆರ್, ಎಕ್ಸ್‌ಆರ್ ಮಾತ್ರೆಯನ್ನು ಅರ್ಧ ಮಾಡುವುದು, ಪುಡಿ ಮಾಡುವುದು ಬೇಡ. ನಡುವೆ ಗೆರೆ ಇದ್ದು ಡಾಕ್ಟರ್ ಒಪ್ಪಿದ್ದರೆ ಮಾತು ಬೇರೆ.

ಥೈರಾಯ್ಡಿನ ಲೆವೊಥೈರಾಕ್ಸಿನ್, ರಕ್ತ ತೆಳುವಾಗಿಸುವ ವಾರ್ಫರಿನ್, ಫಿಟ್ಸಿಗೆ ಕೊಡುವ ಫೆನಿಟಾಯಿನ್, ಹೃದಯದ ಡಿಗಾಕ್ಸಿನ್ ಇವುಗಳಲ್ಲಿ ಹತ್ತು ರೂಪಾಯಿ ಉಳಿಸಲು ತಿಂಗಳಿಗೊಂದು ಕಂಪನಿ ಬದಲಿಸುವುದು ಸಲ್ಲ. ಪ್ರಮಾಣದಲ್ಲಿ ಸ್ವಲ್ಪವೇ ಹೆಚ್ಚುಕಡಿಮೆಯಾದರೂ ದೇಹಕ್ಕೆ ಗೊತ್ತಾಗುವ ಔಷಧಗಳಿವು. ಬದಲಿಸಲೇಬೇಕಾದರೆ ಡಾಕ್ಟರಿಗೆ ತಿಳಿಸಿ, ರಕ್ತಪರೀಕ್ಷೆ ಮಾಡಿಸಿ, ಆಮೇಲೆ ಅದೇ ಕಂಪನಿಗೆ ನಿಲ್ಲಬೇಕು.

‘ಆ ಕಂಪನೀದು ಬಂದಿಲ್ಲ ಸರ್, ಸೇಮ್ ಕಂಟೆಂಟ್, ಬೇರೆ ಕಂಪನಿ ಕೊಡ್ಲಾ?’ ದಿನಕ್ಕೆ ನೂರು ಸಲ ಕೇಳಿಬರುವ ಮಾತು. 1945ರ ಔಷಧ ನಿಯಮಗಳ ಪ್ರಕಾರ ಷೆಡ್ಯೂಲ್ ಎಚ್‌ನ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಕ್ಕೆ ಚೀಟಿಯಲ್ಲಿ ಬರೆದದ್ದನ್ನು ಬಿಟ್ಟು ಬೇರೆ ಕೊಡುವಂತಿಲ್ಲ, ಅದೇ ಔಷಧವಾದರೂ ಸರಿಯೆ. ಕಾನೂನಿನ ಉದ್ದೇಶ ಒಳ್ಳೆಯದೇ ಇರಬಹುದು, ಅದು ಮಾಡಿರುವುದು ಮಾತ್ರ ವಿಚಿತ್ರ. ಅಗ್ಗದ್ದನ್ನು ಕೊಡಬೇಕೆನ್ನುವ ಪ್ರಾಮಾಣಿಕ ಫಾರ್ಮಸಿಸ್ಟನ ಕೈ ಕಟ್ಟಿದೆ. ಲಾಭ ಹೆಚ್ಚಿರುವುದನ್ನು ತಳ್ಳುವವರಿಗೆ ಅಡ್ಡಿಯಾಗಿಲ್ಲ. ದಾರಿ ಇರುವುದು ಡಾಕ್ಟರ ಮೇಜಿನ ಬಳಿ: ‘ಔಷಧದ ಹೆಸರಲ್ಲೇ, ಕ್ಯಾಪಿಟಲ್ ಅಕ್ಷರದಲ್ಲಿ ಬರೆದುಕೊಡಿ ಸರ್’. ಹೀಗೆ ಕೇಳಿದರೆ ಬಹಳ ಮಂದಿ ಬರೆದುಕೊಡುತ್ತಾರೆ. ಕೇಳುವವರು ಕಡಿಮೆ.

ವರ್ಷಕ್ಕೊಮ್ಮೆಯಾದರೂ ಡಾಕ್ಟರನ್ನು ಕೇಳಬೇಕಾದ ಇನ್ನೊಂದು ಮಾತಿದೆ: ‘ಇದರಲ್ಲಿ ಯಾವುದರದ್ದಾದರೂ ಪೇಟೆಂಟ್ ಮುಗಿದಿದೆಯೇ?’ ಪೇಟೆಂಟ್ ಅಂದರೆ ಹೊಸ ಔಷಧದ ಮೇಲೆ ಒಂದೇ ಕಂಪನಿಗೆ ಕೆಲವು ವರ್ಷ ಇರುವ ಹಕ್ಕು, ಅದು ಮುಗಿದರೆ ಬೇರೆಯವರೂ ತಯಾರಿಸಬಹುದು. ಶುಗರಿನ ಮಾತ್ರೆಗಳಲ್ಲಿ ಬೆಲೆ ಕುಸಿದಿರುವುದು ಇದರಿಂದಲೇ. ವಿಲ್ಡಾಗ್ಲಿಪ್ಟಿನ್ 2019ರ ಕೊನೆಗೆ, ಡಾಪಾಗ್ಲಿಫ್ಲೋಜಿನ್ 2020ರಲ್ಲಿ, ಸಿಟಾಗ್ಲಿಪ್ಟಿನ್ 2022ರಲ್ಲಿ, ಲಿನಾಗ್ಲಿಪ್ಟಿನ್ 2023ರಲ್ಲಿ ಪೇಟೆಂಟಿನಿಂದ ಹೊರಬಂದವು. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಸರದಿ: ಮಾತ್ರೆಯೊಂದಕ್ಕೆ 60 ರೂಪಾಯಿ ಆಸುಪಾಸಿದ್ದದ್ದು ಕೆಲವೇ ದಿನಗಳಲ್ಲಿ ಬೇರೆ ಕಂಪನಿಗಳಿಂದ ಹತ್ತು ರೂಪಾಯಿಯೊಳಗೂ ಸಿಗತೊಡಗಿತು. ಆದರೆ ಹಳೆಯ ಚೀಟಿ ಹಿಡಿದು ಹೋದವರಿಗೆ ಹಳೆಯ ಬ್ರಾಂಡೇ ಬರುತ್ತಿದೆ. ಚೀಟಿ ಬದಲಾಗದೆ ಬಿಲ್ಲು ಬದಲಾಗುವುದಿಲ್ಲ.

ತೆರಿಗೆಯದ್ದೂ ಹೇಳಿಬಿಡಬೇಕು. 2025ರ ಸೆಪ್ಟೆಂಬರ್ 22ರಿಂದ ಔಷಧಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಕೆಲವು ಕ್ಯಾನ್ಸರ್ ಮತ್ತು ಅಪರೂಪದ ಕಾಯಿಲೆಗಳ ಔಷಧಕ್ಕೆ ಈಗ ತೆರಿಗೆಯೇ ಇಲ್ಲ. ಮಾರುಕಟ್ಟೆಗೆ ಆಗಲೇ ಹೋಗಿದ್ದ ಶೀಟುಗಳನ್ನು ವಾಪಸ್ ತರಿಸಿ ಮರುಮುದ್ರಿಸುವುದು ಕಡ್ಡಾಯವಾಗಿರಲಿಲ್ಲ. ಹೊಸ ದರಪಟ್ಟಿ ಕಳುಹಿಸಿ, ಆ ದರಕ್ಕೆ ಮಾರಿದರೆ ಸಾಕಿತ್ತು. ಎರಡು, ಮೂರು ವರ್ಷದ ಎಕ್ಸ್‌ಪೈರಿ ಇರುವ ಮಾಲಾದ್ದರಿಂದ ಹಳೆಯ ಎಂಆರ್‌ಪಿಯ ಶೀಟು ಕೈಗೆ ಬಂದರೆ ಆಶ್ಚರ್ಯವಿಲ್ಲ. ಲೆಕ್ಕ ಸುಲಭ: ಹಳೆಯ ಶೀಟಿನ ಮೇಲೆ 112 ಇದ್ದರೆ ಅದರಲ್ಲಿ ಔಷಧದ್ದು 100, ತೆರಿಗೆ 12. ಈಗ ಆಗಬೇಕಾದ್ದು 105. ಅಂದರೆ ಅಚ್ಚಾದ ಬೆಲೆಯಲ್ಲಿ ನೂರಕ್ಕೆ ಆರೂಕಾಲು ರೂಪಾಯಿ ಕಡಿಮೆ, ಏಳಲ್ಲ. ಮೊದಲೇ ಶೇ 5 ಇದ್ದ ಇನ್ಸುಲಿನ್‌ನಂಥವಕ್ಕೆ ಇದು ಅನ್ವಯಿಸದು. ಮುಖ್ಯವಾಗಿ, ಈ ಆರೂಕಾಲನ್ನೇ ‘ನಮ್ಮ ಡಿಸ್ಕೌಂಟ್’ ಎಂದು ತೋರಿಸಿದರೆ ಒಪ್ಪಬಾರದು. ಶೀಟಿನ ಮೇಲಿನ ಬೆಲೆ, ಚಾಲ್ತಿ ದರಪಟ್ಟಿಯ ಬೆಲೆ ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು ಬೆಲೆ ನಿಯಂತ್ರಣ ಆದೇಶದಲ್ಲೇ ಇದೆ. ದರಪಟ್ಟಿಯನ್ನು ಗಿರಾಕಿಗೆ ಕಾಣುವಂತೆ ಅಂಗಡಿಯಲ್ಲಿ ಇಡಬೇಕೆಂದೂ ಇದೆ. ಎಷ್ಟು ಕಡೆ ನೋಡಿದ್ದೀರಿ? ಹೆಚ್ಚು ತೆಗೆದುಕೊಂಡರೆಂದು ಅನುಮಾನ ಬಂದರೆ ಬಿಲ್ಲು, ಶೀಟು ಎರಡರ ಫೋಟೊ ಇಟ್ಟುಕೊಂಡು ಪ್ರಾಧಿಕಾರದ ಶುಲ್ಕರಹಿತ ಸಂಖ್ಯೆ 1800 111 255ಕ್ಕೆ ದೂರು ಕೊಡಬಹುದು. ಬ್ಯಾಚ್ ನಂಬರ್ ಇಲ್ಲದ ಬಿಲ್ಲಿನಿಂದ ಏನೂ ಸಾಬೀತಾಗುವುದಿಲ್ಲ, ಆದ್ದರಿಂದ ಬಿಲ್ಲಿನಲ್ಲಿ ಅದು ಇದೆಯೇ ನೋಡಿಕೊಳ್ಳಿ.

ಶೀಟು ಕತ್ತರಿಸಿ ಕೊಡುವ ಜಗಳ ಪ್ರತಿ ಊರಿನಲ್ಲೂ ಇದೆ. ಐದು ಮಾತ್ರೆ ಸಾಕೆಂದರೆ ‘ಕಟ್ ಮಾಡಲ್ಲ’ ಅನ್ನುತ್ತಾರೆ. ಅವರದ್ದೂ ಒಂದು ಕಷ್ಟ: ಎಕ್ಸ್‌ಪೈರಿ ಆದ ಮಾಲನ್ನು ಡಿಸ್ಟ್ರಿಬ್ಯೂಟರ್ ಪೂರ್ತಿ ಶೀಟಾಗಿದ್ದರೆ ಮಾತ್ರ ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದು, ಕತ್ತರಿಸಿದ್ದು ಅಂಗಡಿಯ ತಲೆಗೇ. ಕತ್ತರಿಸಿ ಕೊಟ್ಟವರು ಮಾತ್ರೆಯ ಪ್ರಮಾಣಕ್ಕೆ ತಕ್ಕ ಬೆಲೆಗಿಂತ ಹೆಚ್ಚು ಕೇಳುವಂತಿಲ್ಲ. 10ಕ್ಕೆ 45 ಇದ್ದರೆ 4ಕ್ಕೆ 18, ‘ಚಿಲ್ಲರೆ ಇಲ್ಲ, 20 ಕೊಡಿ’ ಅಲ್ಲ. ಬ್ಯಾಚು, ಎಕ್ಸ್‌ಪೈರಿ ಸಾಮಾನ್ಯವಾಗಿ ಶೀಟಿನ ಒಂದು ತುದಿಯಲ್ಲಿ ಒತ್ತಿರುತ್ತವೆ. ಮನೆಯಲ್ಲಿ ಮಾತ್ರೆ ತೆಗೆಯುವಾಗ ಅದರ ಎದುರು ತುದಿಯಿಂದ ಶುರುಮಾಡಿದರೆ ಕೊನೆಯ ಮಾತ್ರೆಯವರೆಗೂ ದಿನಾಂಕ ಉಳಿಯುತ್ತದೆ. ಎಕ್ಸ್‌ಪೈರಿ 08/2027 ಎಂದಿದ್ದರೆ ಆಗಸ್ಟ್ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ಒಂದನೇ ತಾರೀಖಿಗೇ ಎಸೆಯಬೇಕಿಲ್ಲ.

ವಾರದ ಏಳು ಖಾನೆಯ ಮಾತ್ರೆ ಡಬ್ಬಿಯಿಂದ ಮರೆವು ತಪ್ಪುತ್ತದೆ, ನಿಜ. ಆದರೆ ಟೆಲ್ಮಿಸಾರ್ಟನ್ ಗಾಳಿಯ ತೇವ ಹೀರುವ ಮಾತ್ರೆ. ಎರಡೂ ಬದಿ ಅಲ್ಯೂಮಿನಿಯಂ ಇರುವ ಶೀಟಿನಲ್ಲಿ ಅದು ಬರುವುದೇ ಅದಕ್ಕೆ. ಮಂಗಳೂರಿನ ಮಳೆಗಾಲದಲ್ಲಿ ಭಾನುವಾರ ಒಡೆದು ಡಬ್ಬಿಗೆ ಹಾಕಿದ್ದು ಶನಿವಾರಕ್ಕೆ ಮೆತ್ತಗಾಗಿದ್ದರೆ ತಪ್ಪು ಕಂಪನಿಯದ್ದಲ್ಲ. ಅಂಥ ಮಾತ್ರೆಯನ್ನು ಶೀಟಿನ ಸಮೇತ ಕತ್ತರಿಸಿ ಖಾನೆಗೆ ಹಾಕಬೇಕು.

ಈಗ ಇನ್ಸುಲಿನ್. ದುಡ್ಡಿನ ಲೆಕ್ಕ ತಪ್ಪಿದರೆ ಜೇಬಿಗೆ ಪೆಟ್ಟು, ಇಲ್ಲಿ ತಪ್ಪಿದರೆ ಜೀವಕ್ಕೇ ಪೆಟ್ಟು. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಬಹುಪಾಲು ಮಿಲಿಲೀಟರಿಗೆ 40 ಯೂನಿಟ್‌ನದ್ದು. 10 ಮಿಲಿ ಬಾಟಲಿ ಅಂದರೆ 400 ಯೂನಿಟ್. ಪೆನ್ನಿಗೆ ಹಾಕುವ ಕಾರ್ಟ್ರಿಜ್‌ನಲ್ಲಿ ಮಿಲಿಗೆ 100 ಯೂನಿಟ್. 3 ಮಿಲಿಗೆ 300. ಸಿರಿಂಜ್‌ಗಳೂ ಎರಡು ಬಗೆ: ಕೆಂಪು ಮುಚ್ಚಳದ್ದು 40ರ ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು 100ರದ್ದಕ್ಕೆ. ಅಂಗಡಿಯಲ್ಲಿ ‘ಇನ್ಸುಲಿನ್ ಸಿರಿಂಜ್ ಕೊಡಿ’ ಎಂದಷ್ಟೇ ಕೇಳಿದರೆ ಎರಡರಲ್ಲಿ ಯಾವುದು ಬೇಕಾದರೂ ಬರಬಹುದು. ಆ್ಯಪ್‌ನಲ್ಲಿ ಅಗ್ಗದ್ದು ಹುಡುಕಿ ತರಿಸಿದಾಗಲೂ ಅಷ್ಟೆ.

ಡಾಕ್ಟರ್ 20 ಯೂನಿಟ್ ಬರೆದಿದ್ದಾರೆ ಅನ್ನೋಣ. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಬಂದಿರುವುದು 0.2 ಮಿಲಿ, ಅಂದರೆ ಎಂಟೇ ಯೂನಿಟ್. ಶುಗರ್ ಇಳಿಯುವುದಿಲ್ಲ, ಡಾಕ್ಟರ್ ಡೋಸ್ ಏರಿಸುತ್ತಾರೆ, ಮುಂದಿನ ತಿಂಗಳು ಸರಿಯಾದ ಸಿರಿಂಜ್ ಸಿಕ್ಕಿದ ದಿನ ಆಪತ್ತು. ಉಲ್ಟಾ ಆದರೆ ಕಾಯುವಷ್ಟೂ ಹೊತ್ತಿಲ್ಲ. ಪೆನ್ನು ಕೆಟ್ಟಿತೆಂದು ಕಾರ್ಟ್ರಿಜ್‌ಗೆ ಕೆಂಪು ಸಿರಿಂಜ್ ಚುಚ್ಚಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿಲಿ ಬರುತ್ತದೆ, ಅದರಲ್ಲಿರುವುದು 50 ಯೂನಿಟ್. ಬೆವರು, ನಡುಕ, ಮಂಪರು, ಆಮೇಲೆ ಪ್ರಜ್ಞೆ ತಪ್ಪುವುದು. ಬಾಟಲಿಯ ಮೇಲಿನ 40 ಮತ್ತು ಸಿರಿಂಜಿನ ಮೇಲಿನ 40 ಒಂದೇ ಇದೆಯೇ ಎಂದು ಪ್ರತಿ ಸಲ ಕೊಳ್ಳುವಾಗಲೂ ನೋಡಬೇಕು. ಕಣ್ಣು ಮಂಜಾದ ಹಿರಿಯರಿದ್ದರೆ ಫೋನಿನ ಕ್ಯಾಮೆರಾ ದೊಡ್ಡದು ಮಾಡಿ ತೋರಿಸಿ. ತಂತ್ರಜ್ಞಾನ ಅನ್ನುವುದು ಇದಕ್ಕೂ ಆಗಿಬರುತ್ತದೆ.

ಬಾಟಲಿ ಅಗ್ಗವೋ ಕಾರ್ಟ್ರಿಜ್ ಅಗ್ಗವೋ ಎಂಬುದಕ್ಕೆ ಯೂನಿಟ್ ಲೆಕ್ಕವೇ ಬೇಕು. ಬೆಲೆಯನ್ನು 400ರಿಂದ ಅಥವಾ 300ರಿಂದ ಭಾಗಿಸಿ. ಅದರ ಮೇಲೆ ಪೋಲಾಗುವುದನ್ನೂ ಸೇರಿಸಿ. ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ನಾಲ್ಕು ವಾರದ ಮೇಲೆ ಬಳಸಬಾರದು. ನಿಮ್ಮದಕ್ಕೆ ಎಷ್ಟು ದಿನ ಎಂದು ಒಳಗಿನ ಚೀಟಿಯಲ್ಲಿರುತ್ತದೆ. ದಿನಕ್ಕೆ 20 ಯೂನಿಟ್ ಹಾಕುವವರಿಗೆ ಬಾಟಲಿ 20 ದಿನಕ್ಕೆ ಮುಗಿಯುತ್ತದೆ, ಹನಿಯೂ ಹಾಳಿಲ್ಲ. ದಿನಕ್ಕೆ 10 ಮಾತ್ರ ಹಾಕುವವರು 28 ದಿನದಲ್ಲಿ ಬಳಸುವುದು 280, ಉಳಿದ 120 ಯೂನಿಟ್ ಚೆಲ್ಲಬೇಕು. ಪೆನ್ನಿನಲ್ಲಾದರೆ ಪ್ರತಿ ಚುಚ್ಚಿಗೆ ಮೊದಲು ಗಾಳಿ ಹೊರಡಿಸಲು 2 ಯೂನಿಟ್ ಬಿಡಬೇಕು, ದಿನಕ್ಕೆ 12ರಂತೆ ಕಾರ್ಟ್ರಿಜ್ 25 ದಿನ ಬರುತ್ತದೆ. ಅಗ್ಗವೆಂದು ಕಂಡ ಬಾಟಲಿ ಕಡಿಮೆ ಡೋಸಿನವರಿಗೆ ಅಷ್ಟೇನೂ ಅಗ್ಗವಾಗದಿರುವುದು ಹೀಗೆ.

ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರೀಜರಿನಲ್ಲಿ ಅಲ್ಲ, ಫ್ರೀಜರಿನ ಗೋಡೆಗೆ ತಾಗಿಯೂ ಅಲ್ಲ. ಹೆಪ್ಪುಗಟ್ಟಿದ್ದು ಕರಗಿದ ಮೇಲೆ ನೋಡಲು ಚೆನ್ನಾಗಿದ್ದರೂ ಕೆಲಸಕ್ಕೆ ಬಾರದು. ಫ್ರಿಜ್ ಇಲ್ಲದ ಮನೆಗಳಲ್ಲಿ ಮಣ್ಣಿನ ಮಡಕೆಗೆ ನೀರು ಹಾಕಿ, ಬಾಟಲಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅದರೊಳಗಿಡುವ ಪದ್ಧತಿ ಇದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಬಳಕೆಯಲ್ಲಿರುವ ಬಾಟಲಿಯನ್ನು ಹಾಗೇ ಕಪಾಟಿನಲ್ಲಿಡುವುದಕ್ಕಿಂತ ಅದು ಎಷ್ಟೋ ಮೇಲು. ಆನ್‌ಲೈನಿನಲ್ಲಿ ತರಿಸಿದರೆ ಡೆಲಿವರಿ ಹುಡುಗ ಹೋಗುವ ಮೊದಲೇ ಡಬ್ಬಿ ಬಿಚ್ಚಿ ಜೆಲ್ ಪ್ಯಾಕ್ ಮುಟ್ಟಿ ನೋಡಿ. ಬೆಚ್ಚಗಾಗಿದ್ದರೆ ವಾಪಸ್. ಮಬ್ಬು ಬಣ್ಣದ ಇನ್ಸುಲಿನ್‌ನಲ್ಲಿ, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಿದ ಮೇಲೂ ಬಿಳಿ ಚೂರು ತೇಲುತ್ತಿದ್ದರೆ ಅದನ್ನು ಬಳಸಬಾರದು.

ಗ್ಲುಕೋಮೀಟರಿನ ವ್ಯಾಪಾರ ಹಳೆಯ ಜಾಣತನದ್ದು: ಮೀಟರ್ ಅಗ್ಗ, ಕೆಲವೊಮ್ಮೆ ಬಿಟ್ಟಿ, ದುಡ್ಡು ಇರುವುದು ಸ್ಟ್ರಿಪ್ಪಿನಲ್ಲಿ, ಅದೂ ಆ ಮೀಟರಿಗೆ ಅದೇ ಕಂಪನಿಯದ್ದೇ ಆಗಬೇಕು. ಮೀಟರ್ ಕೊಳ್ಳುವ ಮೊದಲು ಸ್ಟ್ರಿಪ್ಪಿನ ಬೆಲೆ ಕೇಳಿ. 50ರ ಡಬ್ಬಿ ಒಂದೊಂದಕ್ಕೆ ಅಗ್ಗ ಬೀಳುತ್ತದೆ ನಿಜ, ಆದರೆ ಹಲವು ಕಂಪನಿಗಳ ಡಬ್ಬಿ ತೆರೆದ ಮೂರು ತಿಂಗಳಲ್ಲಿ ಮುಗಿಸಬೇಕು. ವಾರಕ್ಕೆ ನಾಲ್ಕು ಸಲ ನೋಡುವವರಿಗೆ 50 ಸರಿಹೋಗುತ್ತದೆ, ವಾರಕ್ಕೊಮ್ಮೆ ನೋಡುವವರು 25ರದ್ದು ತಂದರೇ ಲೇಸು. ಮೀಟರಿನ ಅಂಕಿಗೂ ಲ್ಯಾಬಿನ ಅಂಕಿಗೂ ಶೇ 15ರಷ್ಟು ವ್ಯತ್ಯಾಸವನ್ನು ಅಂತರರಾಷ್ಟ್ರೀಯ ಮಾನದಂಡವೇ ಒಪ್ಪುತ್ತದೆ. ಲ್ಯಾಬಿನಲ್ಲಿ 140 ಇದ್ದದ್ದು ಇಲ್ಲಿ 120 ಅಥವಾ 160 ತೋರಿಸಿದರೆ ಮೀಟರ್ ಕೆಟ್ಟಿದೆಯೆಂದು ಹೊಸದು ಕೊಳ್ಳಬೇಡಿ. ಬಾಳೆಹಣ್ಣು ಸುಲಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಮಾತ್ರ ಯಾವ ಮೀಟರೂ ಸರಿ ಹೇಳುವುದಿಲ್ಲ.

ಆನ್‌ಲೈನ್ ಆ್ಯಪ್‌ಗಳಿಗೆ ಇನ್ನೊಂದೇ ಮಾತು. 380 ರೂಪಾಯಿ ಮಾಲಿಗೆ ಶೇ 20 ಕಳೆದು 304, ಡೆಲಿವರಿ 49, ‘ಹ್ಯಾಂಡ್ಲಿಂಗ್’ 15, ಒಟ್ಟು 368. ಉಳಿದದ್ದು 12 ರೂಪಾಯಿ. ಡೆಲಿವರಿ ಉಳಿಸಲೆಂದು ಬೇಡದ ವಿಟಮಿನ್ ಡಬ್ಬಿ ಬುಟ್ಟಿಗೆ ಹಾಕಿದರೆ ಆ 12ನ್ನೂ ಮರೆಯಬಹುದು. ತಿಂಗಳು ತಿಂಗಳು ತಾನೇ ಬರುವ ಹಾಗೆ ಆರ್ಡರ್ ಕಟ್ಟಿಟ್ಟವರು ಡಾಕ್ಟರ್ ಡೋಸ್ ಬದಲಿಸಿದ ದಿನವೇ ಅದನ್ನೂ ಬದಲಿಸಬೇಕು. ಇಲ್ಲದಿದ್ದರೆ 40 ಮಿಲಿಗ್ರಾಂ ಮಾತ್ರೆಯ ಜಾಗದಲ್ಲಿ ಹಳೆಯ 80ರದ್ದೇ ಬರುತ್ತಲೇ ಇರುತ್ತದೆ. ಹಾಗೆಂದು ಆನ್‌ಲೈನ್ ಬೇಡವೇ ಬೇಡ ಎಂದಲ್ಲ. ಸಣ್ಣ ಊರಿನಲ್ಲಿ ಸಿಗದ ಔಷಧಕ್ಕೆ ಜಿಲ್ಲಾ ಕೇಂದ್ರಕ್ಕೆ ಬಸ್ಸು ಹತ್ತುವುದು ತಪ್ಪಿದೆ, ಅದು ದೊಡ್ಡ ಉಳಿತಾಯ. ಆದರೆ ಇ-ಫಾರ್ಮಸಿಗೆಂದೇ 2018ರ ಆಗಸ್ಟ್‌ನಲ್ಲಿ ಕರಡು ನಿಯಮ ಹೊರಡಿಸಿದ ಕೇಂದ್ರ ಸರ್ಕಾರ ಅದನ್ನು ಅಲ್ಲಿಗೇ ಬಿಟ್ಟು ವರ್ಷಗಳೇ ಉರುಳಿವೆ.

ಅಗ್ಗದ ಔಷಧವೆಂದರೆ ಕಳಪೆ ಎಂಬ ಗುಮಾನಿ ಹೋಗಿಲ್ಲ. 2008ರಲ್ಲಿ ಶುರುವಾದ ಜನೌಷಧಿಯ ಮಾಲು ಮಾನ್ಯತೆ ಪಡೆದ ಲ್ಯಾಬುಗಳಲ್ಲಿ ಪರೀಕ್ಷೆಯಾಗಿ ಅಂಗಡಿಗೆ ಬರುತ್ತದೆ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟ ತಪ್ಪಿದ ಬ್ಯಾಚುಗಳ ಪಟ್ಟಿಯನ್ನು ತಿಂಗಳು ತಿಂಗಳೂ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ಅದರಲ್ಲಿ ದುಬಾರಿ ಬ್ರಾಂಡೂ ಸಿಗುತ್ತದೆ, ಅಗ್ಗದ ಜನರಿಕ್ಕೂ ಸಿಗುತ್ತದೆ. ಅಲ್ಲಿ ನೋಡಬೇಕಾದ್ದು ಕಂಪನಿಯ ಹೆಸರನ್ನಲ್ಲ, ನಿಮ್ಮ ಶೀಟಿನ ಬ್ಯಾಚ್ ನಂಬರನ್ನು. ಜನೌಷಧಿಯ ಬಗ್ಗೆ ನಮ್ಮ ತಕರಾರು ಬೇರೆ: ಶೀಟುಗಳೆಲ್ಲ ಒಂದೇ ತರಹ ಕಾಣುತ್ತವೆ, ಹಿರಿಯರು ಬಿಪಿಯದ್ದೂ ಶುಗರಿನದ್ದೂ ಅದಲು ಬದಲು ಮಾಡಿಕೊಳ್ಳುತ್ತಾರೆ. ಮನೆಗೆ ತಂದ ಕೂಡಲೇ ಮಾರ್ಕರ್ ಪೆನ್ನಿನಲ್ಲಿ ‘ಬಿಪಿ, ಬೆಳಗ್ಗೆ’, ‘ಶುಗರ್, ಊಟದ ಜೊತೆ’ ಎಂದು ಕನ್ನಡದಲ್ಲಿ ದಪ್ಪಗೆ ಬರೆದಿಡಿ. ಅಂದಹಾಗೆ, ಬಿಪಿ, ಶುಗರಿನ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಟ್ಟಿ ಸಿಗುತ್ತವೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಅವನ್ನು ಮನೆ ಬಾಗಿಲಿಗೇ ತಲುಪಿಸುವ ಗುರಿಯದ್ದು. ಡಿಸ್ಕೌಂಟ್ ಬೋರ್ಡುಗಳ ನಡುವೆ ಇದು ಯಾರಿಗೂ ನೆನಪಾಗುವುದಿಲ್ಲ.

2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರಾಂಡುಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದರೆ ಔಷಧದ ಹೆಸರು, ತಯಾರಕರ ವಿಳಾಸ, ಬ್ಯಾಚು, ಎಕ್ಸ್‌ಪೈರಿ, ಲೈಸೆನ್ಸ್ ಸಂಖ್ಯೆ ಬರಬೇಕು. ಬಂದದ್ದು ಶೀಟಿನ ತುದಿಯಲ್ಲಿ ಒತ್ತಿದ ಬ್ಯಾಚಿಗೆ ತಾಳೆಯಾಗುತ್ತದೆಯೇ ನೋಡಬೇಕು. ಬರೀ ಕೋಡ್ ತೆರೆದುಕೊಂಡಿತೆಂದರೆ ಅಸಲಿ ಎಂದಲ್ಲ, ಕೋಡನ್ನೂ ನಕಲು ಮಾಡಬಹುದು. ಆ ಪುಟ್ಟ ಚೌಕಕ್ಕೆ ಇಷ್ಟೆಲ್ಲ ತುಂಬಿಸಲು ಬರುವವರಿಗೆ ಪಕ್ಕದಲ್ಲಿ ಒಂದು ಸಾಲು ಹಾಕಲು ಬರದೇ? ಹತ್ತು ರೂಪಾಯಿ ಬಿಸ್ಕತ್ ಪೊಟ್ಟಣದ ಮೇಲೆ ಗ್ರಾಮಿಗೆ ಎಷ್ಟು ಪೈಸೆ ಎಂದು ಈಗ ಅಚ್ಚಾಗಿರುತ್ತದೆ. ಪೊಟ್ಟಣ ಸರಕುಗಳ ಆ ನಿಯಮದಿಂದ ಔಷಧಗಳನ್ನು ಹೊರಗಿಟ್ಟಿದ್ದಾರೆ. ಕೇಂದ್ರದ ಔಷಧ ಇಲಾಖೆಗೂ ಗ್ರಾಹಕ ವ್ಯವಹಾರಗಳ ಇಲಾಖೆಗೂ ನಮ್ಮ ಬೇಡಿಕೆ ಇಷ್ಟೇ: ಎಂಆರ್‌ಪಿಯ ಕೆಳಗೇ, ಅದೇ ಅಳತೆಯ ಅಕ್ಷರದಲ್ಲಿ, ಮಾತ್ರೆಯೊಂದಕ್ಕೆ ಇಷ್ಟು, ಇನ್ಸುಲಿನ್ ಆದರೆ ಯೂನಿಟ್ಟಿಗೆ ಇಷ್ಟು ಎಂದು ಅಚ್ಚಾಗಬೇಕು. ಇನ್ಸುಲಿನ್ ಬಾಟಲಿ ಮತ್ತು ಸಿರಿಂಜ್ ಎರಡರ ಮೇಲೂ 40, 100 ಎಂಬ ಅಂಕಿ ಮೂರಡಿ ದೂರದಿಂದ ಕಾಣುವಷ್ಟು ದೊಡ್ಡದಿರಬೇಕು.

ಇಂತಿ,
ಇಬ್ಬರು ನೋಂದಾಯಿತ ಫಾರ್ಮಸಿಸ್ಟರು,
ಹಾಸನ